ಬುದ್ಧಿಹಲ್ಲು ತೆಗೆಸುವ ಮುನ್ನ: ಅರಿವಳಿಕೆಗೆ ಹೆದರಬೇಕೇ?

2024ರ ಫೆಬ್ರವರಿಯಲ್ಲಿ ಹೈದರಾಬಾದಿನ ಜುಬಿಲಿ ಹಿಲ್ಸ್‌ನ ದಂತ ಚಿಕಿತ್ಸಾಲಯವೊಂದರಲ್ಲಿ ನಗು ಚೆಂದಗಾಣಿಸುವ ಚಿಕಿತ್ಸೆಗೆ ಹೋಗಿದ್ದ ಯುವಕರೊಬ್ಬರು ಮೃತಪಟ್ಟರು. ಅರಿವಳಿಕೆ ಹೆಚ್ಚಾಯಿತು ಎಂಬುದು ಕುಟುಂಬದವರ ಆರೋಪ. ಇಂಥ ಸುದ್ದಿ ಓದಿದ ಮೇಲೆ, ಬುದ್ಧಿಹಲ್ಲು ತೆಗೆಸಬೇಕಾದ ನೀವು ಚುಚ್ಚುಮದ್ದಿಗೇ ಹೆದರುವುದು ಸಹಜ.

ಲೆಕ್ಕ ನೋಡೋಣ. ಸಾಮಾನ್ಯವಾಗಿ ಬಳಸುವುದು ಅಡ್ರಿನಲಿನ್ ಬೆರೆಸಿದ ಶೇ 2ರ ಲಿಗ್ನೊಕೇನ್. ಇದರ ಒಂದು ಮಿ.ಲೀ.ನಲ್ಲಿ 20 ಮಿ.ಗ್ರಾಂ ಔಷಧ ಇರುತ್ತದೆ. ಆರೋಗ್ಯವಂತ ವಯಸ್ಕರಿಗೆ ಮಿತಿ, ಪ್ರತಿ ಕಿಲೋ ತೂಕಕ್ಕೆ 7 ಮಿ.ಗ್ರಾಂ. ನೀವು 50 ಕಿಲೋ ಇದ್ದರೆ 350 ಮಿ.ಗ್ರಾಂ, ಅಂದರೆ ಹದಿನೇಳೂವರೆ ಮಿ.ಲೀ. ಒಂದು ಹಲ್ಲಿಗೆ ಸಾಮಾನ್ಯವಾಗಿ ಕೆಲವೇ ಮಿ.ಲೀ. ಸಾಕು.

ಆದರೆ ತೂಕ ಕಡಿಮೆಯಿದ್ದರೆ, ಲಿವರ್ ಅಥವಾ ಹೃದಯದ ತೊಂದರೆಯಿದ್ದರೆ, ನಾಲ್ಕೂ ಹಲ್ಲು ಒಂದೇ ದಿನ ತೆಗೆಸಿದರೆ ಈ ಅಂತರ ಕಿರಿದಾಗುತ್ತದೆ. ಆದ್ದರಿಂದ:

• ತೂಕ, ಕಾಯಿಲೆ, ಅಲರ್ಜಿ, ನುಂಗುತ್ತಿರುವ ಮಾತ್ರೆ ಎಲ್ಲವನ್ನೂ ಮೊದಲೇ ವೈದ್ಯರಿಗೆ ತಿಳಿಸಿ.
• ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.
• ನಿದ್ರೆ ಬರಿಸುವ ಔಷಧವನ್ನೂ ಕೊಡುವುದಾದರೆ, ನಿಗಾ ಇಡುವವರು ಯಾರು, ಆಮ್ಲಜನಕ ಇದೆಯೇ ಎಂದು ಕೇಳಿ.
• ಚುಚ್ಚಿದ ಮೇಲೆ ಕಿವಿ ಗುಂಯ್‌ಗುಟ್ಟಿದರೆ, ತಲೆ ಸುತ್ತಿದರೆ ತಕ್ಷಣ ಹೇಳಿ.

ಹೆದರಿ ಮುಂದೂಡುವುದೂ ಅಪಾಯವೇ. ಬಾಯಿ ತೆರೆಯಲಾಗದಿದ್ದರೆ, ನುಂಗಲು ಕಷ್ಟವಾದರೆ, ಬಾವು ಕುತ್ತಿಗೆಗೆ ಇಳಿದರೆ ಅಂದೇ ಆಸ್ಪತ್ರೆಗೆ ಹೋಗಿ. ಸೋಂಕು ಹರಡಿದರೆ ಉಸಿರಾಟದ ದಾರಿಯೇ ಕಟ್ಟಿಕೊಳ್ಳಬಹುದು.