ನಾಲ್ಕು ಹಲ್ಲು ಕಡಿಮೆಯಾದರೆ ವೇಗ ಹೆಚ್ಚುವುದೇ?

ರಾಯಚೂರಿನಿಂದ ಕಲ್ಲೂರು ದಾಟಿ ಮಾನ್ವಿಗೆ ಹೋಗುವ ರಸ್ತೆಯ ಬದಿಯಲ್ಲಿ, ಯಾವುದಾದರೊಂದು ಗ್ಯಾರೇಜಿನ ಮುಂದೆ ಸಂಜೆ ಹೊತ್ತು ನಿಂತರೆ ಇಂಥ ಮಾತು ಕಿವಿಗೆ ಬೀಳುವುದು ಅಪರೂಪವಲ್ಲ. ಮೀಸೆ ಈಗಷ್ಟೇ ಚಿಗುರುತ್ತಿರುವ ಹುಡುಗನೊಬ್ಬ ಅಪ್ಪನ ಬೈಕು ನಿಲ್ಲಿಸಿ ಕೇಳುತ್ತಾನೆ:

"ಉಸ್ತಾದ್, ಎಂಬತ್ತರ ಮ್ಯಾಲ ಹೋಗವಲ್ದು. ಏನರ ಮಾಡ್ರಿ."

"ಹಿಂದಿನ ಸ್ಪ್ರಾಕೆಟ್ ಸಣ್ಣದು ಹಾಕಿದ್ರ ತೊಂಬತ್ತು ಹೊಡೀತದ ಅಂತಾರ ತಮ್ಮಾ. ಆದ್ರ ಗಾಡಿ ನಿಮ್ಮಪ್ಪಂದು. ಅವರನ್ನ ಕೇಳಿ ಬಾ."

ಹುಡುಗ ಅಪ್ಪನನ್ನು ಕೇಳುವುದಿಲ್ಲ. ಹಾಗಾದರೆ ಭೌತಶಾಸ್ತ್ರವನ್ನಾದರೂ ಕೇಳಲಿ. ಅದು ಬೈಯುವುದಿಲ್ಲ, ಮುಚ್ಚಿಡುವುದೂ ಇಲ್ಲ.

ಮೊದಲು ಮನೆಯ ಸೈಕಲ್ಲಿನಿಂದಲೇ ಶುರು ಮಾಡಬಹುದು. ಪೆಡಲಿನ ಹತ್ತಿರದ ದೊಡ್ಡ ಗಾಲಿಗೆ 48 ಹಲ್ಲು, ಹಿಂದಿನ ಫ್ರೀವ್ಹೀಲಿಗೆ 18 ಹಲ್ಲು ಇವೆಯೆನ್ನಿ. ಪೆಡಲ್ ಒಂದು ಸುತ್ತು ಬಂದಾಗ ಚೈನಿನ 48 ಕೊಂಡಿಗಳು ಸರಿಯುತ್ತವೆ. ಅಷ್ಟೂ ಕೊಂಡಿಗಳು 18 ಹಲ್ಲಿನ ಗಾಲಿಯ ಮೇಲೆ ಹಾಯಬೇಕಾದರೆ ಅದು ಎರಡೂ ಮುಕ್ಕಾಲು ಸುತ್ತಿಗೆ ಸ್ವಲ್ಪ ಕಡಿಮೆ ತಿರುಗಬೇಕು. ಚಕ್ರದ ಸುತ್ತಳತೆ 2.2 ಮೀಟರ್ ಆದರೆ ಒಂದು ತುಳಿತಕ್ಕೆ ಸೈಕಲ್ಲು ಆರು ಮೀಟರಿಗೆ ಸಮೀಪ ಮುಂದೆ ಹೋಗುತ್ತದೆ. ರಾಯಚೂರಿನ ಹತ್ತಿ ಜಿನ್ನಿಂಗ್ ಕಾರ್ಖಾನೆಗಳಲ್ಲಿ, ಮಾನ್ವಿಯ ಅಕ್ಕಿ ಗಿರಣಿಗಳಲ್ಲಿ ದೊಡ್ಡ ಪುಲ್ಲಿಯಿಂದ ಸಣ್ಣ ಪುಲ್ಲಿಗೆ ಪಟ್ಟಾ ಹಾಕುವುದೂ ಇದೇ ಲೆಕ್ಕದ ಮೇಲೆ. ಚೈನಿಗೆ ಹಲ್ಲುಂಟು, ಪಟ್ಟಾಕ್ಕೆ ಹಲ್ಲಿಲ್ಲ. ವ್ಯತ್ಯಾಸ ಅಷ್ಟೆ.

ಈಗ ಹುಡುಗನ ಬೈಕಿಗೆ ಬರೋಣ. ಲೆಕ್ಕ ಸುಲಭವಾಗಲೆಂದು ಕೆಲವು ಅಂಕಿಗಳನ್ನು ಹಿಡಿದುಕೊಳ್ಳಿ. ಎಂಜಿನ್ ತನ್ನ ಪೂರ್ತಿ ಶಕ್ತಿ ಕೊಡುವಾಗ, ಟಾಪ್ ಗಿಯರಿನಲ್ಲಿ, ಮುಂದಿನ ಸಣ್ಣ ಸ್ಪ್ರಾಕೆಟ್ ನಿಮಿಷಕ್ಕೆ 2,250 ಸುತ್ತು ತಿರುಗುತ್ತದೆ. ಅದಕ್ಕೆ 14 ಹಲ್ಲು, ಹಿಂದಿನದಕ್ಕೆ 42 ಹಲ್ಲು. ಆದ್ದರಿಂದ ಹಿಂದಿನ ಚಕ್ರ ಮೂರರಲ್ಲೊಂದು ಪಾಲು, ಅಂದರೆ ನಿಮಿಷಕ್ಕೆ 750 ಸುತ್ತು ತಿರುಗುತ್ತದೆ. ಚಕ್ರದ ಸುತ್ತಳತೆ 1.8 ಮೀಟರ್. ನಿಮಿಷಕ್ಕೆ 1,350 ಮೀಟರ್ ಆಯಿತು; ಗಂಟೆಗೆ 81 ಕಿ.ಮೀ.

ಹಿಂದಿನ 42 ಹಲ್ಲಿನದನ್ನು ತೆಗೆದು 38 ಹಲ್ಲಿನದನ್ನು ಹಾಕಿದರೆ? ಅದೇ ಎಂಜಿನ್, ಅದೇ 2,250 ಸುತ್ತು. ಚಕ್ರ ಈಗ ನಿಮಿಷಕ್ಕೆ ಸುಮಾರು 829 ಸುತ್ತು ತಿರುಗಬೇಕು. ವೇಗ ಗಂಟೆಗೆ ಸುಮಾರು 90 ಕಿ.ಮೀ. ಉಸ್ತಾದರು ಕೇಳಿದ ಲೆಕ್ಕ ಕಾಗದದ ಮೇಲೆ ಸರಿಯಾಗಿಯೇ ಇದೆ.

ಆದರೆ ಗಿಯರ್ ಎನ್ನುವುದು ದಾನ ಕೊಡುವ ಯಂತ್ರವಲ್ಲ, ವ್ಯಾಪಾರ ಮಾಡುವ ಯಂತ್ರ. ಒಂದು ಕೈಯಿಂದ ವೇಗ ಕೊಟ್ಟರೆ ಇನ್ನೊಂದು ಕೈಯಿಂದ ಎಳೆಯುವ ಬಲವನ್ನು ಕಸಿದುಕೊಳ್ಳುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಮಾನ್ವಿಯ ಭತ್ತದ ಗದ್ದೆಯಲ್ಲಿ ಕೆಸರು ಮಾಡುವ ಟ್ರ್ಯಾಕ್ಟರನ್ನು ನೋಡಿ. ಎಂಜಿನ್ ಭೋರೆನ್ನುತ್ತದೆ, ಗಾಲಿ ಮೆಲ್ಲಗೆ ತಿರುಗುತ್ತದೆ. ಅಲ್ಲಿ ವೇಗ ಮಾರಿ ಬಲ ಕೊಂಡಿದ್ದಾರೆ. ಹುಡುಗ ಮಾಡಹೊರಟಿದ್ದು ಇದರ ತಿರುವುಮುರುವು. 42ರ ಜಾಗದಲ್ಲಿ 38 ಬಂದರೆ ಚಕ್ರವನ್ನು ತಳ್ಳುವ ಬಲ ಶೇ. 9ಕ್ಕೂ ಹೆಚ್ಚು ಕುಗ್ಗುತ್ತದೆ.

ಬಲ ಕುಗ್ಗಿತು, ಎದುರಾಳಿ ಮಾತ್ರ ಬೆಳೆದ. ಆ ಎದುರಾಳಿ ಗಾಳಿ. ಆಷಾಢದಲ್ಲಿ ಪಡುವಣ ಗಾಳಿಗೆ ಎದೆಯೊಡ್ಡಿ ಸೈಕಲ್ ತುಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅದನ್ನು ಸೀಳಿಕೊಂಡು ಹೋಗಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ಇಮ್ಮಡಿಯಾದರೆ ತಡೆ ನಾಲ್ಕು ಪಟ್ಟು, ಬೇಕಾದ ಶಕ್ತಿ ಎಂಟು ಪಟ್ಟು. 81ರಿಂದ 90ಕ್ಕೆ ಏರುವುದು ಸಣ್ಣ ಹೆಜ್ಜೆಯಂತೆ ಕಂಡರೂ ಗಾಳಿಯ ಪಾಲಿಗೇ ಸುಮಾರು ಶೇ. 35ರಷ್ಟು ಹೆಚ್ಚು ಶಕ್ತಿ ಬೇಕು. ಎಂಜಿನ್ ಮೊದಲಿನದೇ. ಅದು ಎಲ್ಲಿಂದ ತಂದುಕೊಟ್ಟೀತು?

ಆದ್ದರಿಂದ ನಿಜವಾದ ರಸ್ತೆಯ ಮೇಲೆ ನಡೆಯುವುದೇ ಬೇರೆ. ಟಾಪ್ ಗಿಯರಿನಲ್ಲಿ ಎಂಜಿನ್ 2,250ರ ಆ ಸುತ್ತನ್ನು ಮುಟ್ಟುವುದೇ ಇಲ್ಲ. ಅದಕ್ಕೂ ಮೊದಲೇ ದಣಿದು ನಿಲ್ಲುತ್ತದೆ. ಕೆಲವೊಮ್ಮೆ ಟಾಪ್ ಗಿಯರಿಗಿಂತ ಅದರ ಕೆಳಗಿನ ಗಿಯರಿನಲ್ಲೇ ಬೈಕು ಹೆಚ್ಚು ಓಡುತ್ತದೆ! ದೇವದುರ್ಗದ ಕಡೆಯ ಏರುದಾರಿಯಲ್ಲಿ ಹಿಂದೆ ಗೆಳೆಯನನ್ನು ಕೂರಿಸಿಕೊಂಡರಂತೂ ಹೆಜ್ಜೆಹೆಜ್ಜೆಗೆ ಗಿಯರ್ ಇಳಿಸಬೇಕು, ಕ್ಲಚ್ ಸವೆಯಬೇಕು. ಕಾರ್ಖಾನೆಯವರು ಗಾಳಿ, ಭಾರ, ಏರು ಎಲ್ಲವನ್ನೂ ತೂಗಿ ನೋಡಿಯೇ ಹಲ್ಲುಗಳ ಲೆಕ್ಕ ಇಟ್ಟಿರುತ್ತಾರೆ. ಮೂಲ ಬೈಕಿನ ಎಂಜಿನ್ ಟಾಪ್ ಗಿಯರಿನಲ್ಲಿ ಶಕ್ತಿಯ ತುದಿಯನ್ನು ದಾಟಿ ಸುತ್ತುತ್ತಿದ್ದರೆ ಮಾತ್ರ ಸಣ್ಣ ಸ್ಪ್ರಾಕೆಟ್ಟಿನಿಂದ ಒಂದಿಷ್ಟು ಲಾಭ ಸಿಕ್ಕೀತು.

ಹುಡುಗರ ಬತ್ತಳಿಕೆಯಲ್ಲಿ ಇನ್ನೂ ಎರಡು ಬಾಣಗಳುಂಟು. ಒಂದು, ಏರ್ ಫಿಲ್ಟರ್ ಕಿತ್ತುಹಾಕುವುದು. ರಾಯಚೂರು ಸೀಮೆ ಎರೆಮಣ್ಣಿನ ಸೀಮೆ. ಬೇಸಿಗೆಯಲ್ಲಿ ಲಾರಿಯೊಂದು ಹಾದುಹೋದರೆ ದಾರಿ ಕಾಣದಷ್ಟು ಧೂಳು. ಆ ಧೂಳು ಸಿಲಿಂಡರಿಗೆ ನುಗ್ಗಿದರೆ ಉಪ್ಪುಕಾಗದದಂತೆ ಪಿಸ್ಟನ್ ರಿಂಗುಗಳನ್ನು ಉಜ್ಜಿ ತಿನ್ನುತ್ತದೆ. ಪೆಟ್ರೋಲಿನ ಪ್ರಮಾಣ ಹೆಚ್ಚಿಸದೆ ಗಾಳಿಯನ್ನಷ್ಟೇ ಹೆಚ್ಚು ಬಿಟ್ಟರೆ ಎಂಜಿನ್ ಅತಿಯಾಗಿ ಕಾಯುತ್ತದೆ.

ಇನ್ನೊಂದು, ಸೈಲೆನ್ಸರಿನ ಒಳಭಾಗ ತೆಗೆದು ಸದ್ದು ಮಾಡಿಸುವುದು. ಸದ್ದಿಗೂ ಶಕ್ತಿಗೂ ನಂಟಿಲ್ಲ ಎಂಬುದಕ್ಕೆ ನಮ್ಮ ನಾಡಿನದೇ ಸಾಕ್ಷಿಯಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳನ್ನು ತಯಾರಿಸಿತು. ಅವು ಟೂ ಸ್ಟ್ರೋಕ್ ಎಂಜಿನ್ನಿನ ಗಾಡಿಗಳು. ಅಂಥ ಎಂಜಿನ್ನಿನಲ್ಲಿ ಹೊಗೆಕೊಳವೆಯೂ ಎಂಜಿನ್ನಿನ ಒಂದು ಅಂಗವೇ. ಹೊರಗೆ ನುಗ್ಗುವ ಹೊಗೆಯ ಒತ್ತಡದ ಅಲೆ ಕೊಳವೆಯ ಒಳಗೆ ಬಡಿದು ಹಿಂದಿರುಗುತ್ತದೆ; ಸಿಲಿಂಡರಿನಿಂದ ತಪ್ಪಿಸಿಕೊಳ್ಳುವ ಹೊಸ ಪೆಟ್ರೋಲ್ ಗಾಳಿಯನ್ನು ಅದು ಮತ್ತೆ ಒಳಕ್ಕೆ ನೂಕಬಲ್ಲದು. ಕೊಳವೆಯ ಅಳತೆ ಕೆಟ್ಟರೆ ಆ ಅಲೆ ಹೊತ್ತು ತಪ್ಪಿ ಬರುತ್ತದೆ. ಸದ್ದು ಊರಿಗೆಲ್ಲ ಕೇಳುತ್ತದೆ, ಶಕ್ತಿ ಮಾತ್ರ ಕುಗ್ಗಿರುತ್ತದೆ.

ಈಗಿನ ಹುಡುಗರು ಮೊಬೈಲಿನಲ್ಲಿ ನಾಲ್ಕು ಚಕ್ರದ ಸ್ಪೋರ್ಟ್ ಕ್ವಾಡ್ ಗಾಡಿಗಳು ಮರಳುದಿಬ್ಬ ಹಾರುವುದನ್ನು ನೋಡುತ್ತಾರೆ. ಅವುಗಳಿಗೂ ಬಹುಪಾಲು ಚೈನು, ಸ್ಪ್ರಾಕೆಟ್ಟುಗಳೇ. ಅಲ್ಲಿಯೂ ಮುಂದೆ ಒಂದು ಹಲ್ಲು ಹೆಚ್ಚಿಸಿ, ಹಿಂದೆ ಎರಡು ಮೂರು ಹಲ್ಲು ಇಳಿಸಿ ವೇಗ ಏರಿಸುತ್ತಾರೆ. ಆದರೆ ಬಲ್ಲವರು ಗಾಡಿಯನ್ನು ತಗ್ಗಿಸಿ, ಚಕ್ರಗಳ ನಡುವಿನ ಅಗಲ ಹೆಚ್ಚಿಸಿ, ಬ್ರೇಕು ಸರಿಮಾಡಿಕೊಂಡ ಮೇಲೆಯೇ ಸ್ಪ್ರಾಕೆಟ್ಟಿಗೆ ಕೈ ಹಾಕುತ್ತಾರೆ. ಇವುಗಳಿಗಿಂತ ಮುಂಚೆ ಬಂದ ಮೂರು ಚಕ್ರದ ಗಾಡಿಗಳು ಬಹಳ ಅಪಘಾತಗಳಿಗೆ ಕಾರಣವಾದ್ದರಿಂದ 1988ರಲ್ಲಿ ಅಮೆರಿಕದಲ್ಲಿ ಅವುಗಳ ಹೊಸ ಮಾರಾಟವೇ ನಿಂತಿತು. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಯನ್ನು ಪೂರೈಸಿದ ಮೊದಲ ಭಾರತೀಯ. ಅಂಥ ಪಳಗಿದ ಸವಾರ 2021ರ ರ‍್ಯಾಲಿಯಲ್ಲಿ ಸೌದಿ ಅರೇಬಿಯದ ಮರಳುಗಾಡಿನಲ್ಲಿ ಬಿದ್ದಾಗ ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ ಸಾಗಿಸಬೇಕಾಯಿತು. ಅಲ್ಲಿ ಹೆಲಿಕಾಪ್ಟರ್ ಇತ್ತು, ವೈದ್ಯರು ಸಿದ್ಧರಿದ್ದರು. ಮಾನ್ವಿ ರಸ್ತೆಯಲ್ಲಿ ಏನಿದೆ?

ಮಾನ್ವಿ ರಸ್ತೆಯಲ್ಲಿ ಭತ್ತದ ಮೂಟೆ ಹೇರಿಕೊಂಡು, ಹಿಂದೆ ದೀಪವಿಲ್ಲದೆ ಸಾಗುವ ಟ್ರ್ಯಾಕ್ಟರ್ ಟ್ರಾಲಿಯಿದೆ. ದಾರಿ ಬದಿ ಒಣಹಾಕಿದ ಕಾಳಿದೆ. ಕುರಿಹಿಂಡಿದೆ. ಇಲ್ಲಿಂದಾಚೆಗಿನ ಲೆಕ್ಕವನ್ನು ಮಕ್ಕಳ ಜೊತೆ ತಂದೆತಾಯಿಯರೂ ಕೂತು ಮಾಡಬೇಕು.

ಟ್ರಾಲಿ ಕಂಡು ಬ್ರೇಕಿಗೆ ಕೈ ಹೋಗುವಷ್ಟರಲ್ಲಿ ಒಂದು ಸೆಕೆಂಡ್ ಕಳೆಯುತ್ತದೆ ಎನ್ನಿ. ಬ್ರೇಕು ಪ್ರತಿ ಸೆಕೆಂಡಿಗೆ ವೇಗವನ್ನು ಸೆಕೆಂಡಿಗೆ 5 ಮೀಟರಿನಂತೆ ಇಳಿಸುತ್ತದೆ ಎನ್ನಿ. 81 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 22.5 ಮೀಟರ್. ಬೈಕು ಮೊದಲ ಸೆಕೆಂಡಿನಲ್ಲಿ 22.5 ಮೀಟರ್, ಬ್ರೇಕು ಹಿಡಿದ ಮೇಲೆ ಸುಮಾರು 50.5 ಮೀಟರ್, ಒಟ್ಟು 73 ಮೀಟರ್ ಸಾಗಿ ನಿಲ್ಲುತ್ತದೆ. 90 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 25 ಮೀಟರ್. ಇಲ್ಲಿ 25 ಮತ್ತು 62.5, ಒಟ್ಟು 87.5 ಮೀಟರ್.

ಹದಿನಾಲ್ಕೂವರೆ ಮೀಟರ್ ತಾನೇ ಹೆಚ್ಚು, ಎನ್ನಬಹುದು. ಆದರೆ ಟ್ರಾಲಿ ಸರಿಯಾಗಿ 73 ಮೀಟರ್ ದೂರದಲ್ಲಿ ನಿಂತಿದ್ದರೆ? ಮೊದಲ ಬೈಕು ಅದರ ಹಿಂದೆ ಬಂದು ನಿಲ್ಲುತ್ತದೆ. ಎರಡನೆಯದಕ್ಕೆ ಬ್ರೇಕು ಹಿಡಿಯಲು ಸಿಕ್ಕಿದ್ದು 48 ಮೀಟರ್ ಮಾತ್ರ. 25ರ ವರ್ಗ 625. ಅದರಲ್ಲಿ ಎರಡು ಸಲ 5 ಸಲ 48, ಅಂದರೆ 480 ಕಳೆದರೆ ಉಳಿದದ್ದು 145. ಅದರ ವರ್ಗಮೂಲ 12. ಸೆಕೆಂಡಿಗೆ 12 ಮೀಟರ್ ಎಂದರೆ ಗಂಟೆಗೆ 43 ಕಿ.ಮೀ. ಒಬ್ಬ ಹುಡುಗ ಕ್ಷೇಮವಾಗಿ ನಿಂತ ಜಾಗದಲ್ಲಿ ಇನ್ನೊಬ್ಬ 43 ಕಿ.ಮೀ. ವೇಗದಲ್ಲಿ ಟ್ರಾಲಿಗೆ ಬಡಿಯುತ್ತಾನೆ. ಏಳು ಮೀಟರಿಗೂ ಹೆಚ್ಚು ಎತ್ತರದಿಂದ, ಅಂದರೆ ಎರಡು ಅಂತಸ್ತಿನ ಮನೆಯ ಮಾಳಿಗೆಯಿಂದ, ಬಿದ್ದಾಗ ನೆಲ ಮುಟ್ಟುವ ವೇಗ ಅದು. ನಾಲ್ಕು ಹಲ್ಲಿನ ಬೆಲೆ ಇಷ್ಟು.

ಇನ್ನೊಂದು ಅಪಾಯವೂ ಇದೆ. ಮುಂದಿನ ಚಕ್ರದಿಂದ ನಡೆಯುವ ಸ್ಪೀಡೋಮೀಟರ್ ಸ್ಪ್ರಾಕೆಟ್ ಬದಲಿಸಿದರೂ ಸರಿಯಾದ ವೇಗವನ್ನೇ ತೋರಿಸುತ್ತದೆ. ಗಿಯರ್ ಪೆಟ್ಟಿಗೆಯ ಕಡೆಯಿಂದ ವೇಗ ಅಳೆಯುವ ಬೈಕುಗಳಲ್ಲಿ ಮಾತ್ರ ಮುಳ್ಳು 81 ತೋರುವಾಗ ಬೈಕು 90ರಲ್ಲಿರುತ್ತದೆ.

ಕಾನೂನೂ ಸುಮ್ಮನಿಲ್ಲ. ತಯಾರಕರು ಕೊಟ್ಟ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆ ತಡೆಯುತ್ತದೆ. ಗಿಯರಿರುವ ಬೈಕು ಓಡಿಸಲು 18 ವರ್ಷ ತುಂಬಿರಬೇಕು. 2019ರ ತಿದ್ದುಪಡಿಯ ಪ್ರಕಾರ ಮೈನರ್ ಮಗ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ. ಕೀಲಿಕೈ ಗೂಟಕ್ಕೆ ನೇತುಹಾಕುವ ಮುನ್ನ ಹಿರಿಯರು ಇದನ್ನು ನೆನೆಯಬೇಕು.

ಹಾಗಾದರೆ ಹುಡುಗನ ಕುತೂಹಲ ತಪ್ಪೇ? ಖಂಡಿತ ಅಲ್ಲ. ಹಲ್ಲು ಎಣಿಸಬೇಕೆಂದು ಅನ್ನಿಸಿದ್ದೇ ವಿಜ್ಞಾನದ ಮೊದಲ ಮೆಟ್ಟಿಲು. ಈ ಭಾನುವಾರ ಸೈಕಲ್ಲನ್ನು ಅಂಗಳದಲ್ಲಿ ಬುಡಮೇಲಾಗಿ ನಿಲ್ಲಿಸಿ. ಹಿಂದಿನ ಟೈರಿಗೆ ಸೀಮೆಸುಣ್ಣದ ಗೆರೆ ಹಾಕಿ. ಚೈನಿನಿಂದ ಬೆರಳು ದೂರವಿಟ್ಟು ಪೆಡಲನ್ನು ಮೆಲ್ಲಗೆ ಮೂರು ಸುತ್ತು ತಿರುಗಿಸಿ, ಗೆರೆ ಎಷ್ಟು ಸಲ ಹಾದುಹೋಯಿತೆಂದು ಎಣಿಸಿ. ಎರಡೂ ಗಾಲಿಗಳ ಹಲ್ಲುಗಳನ್ನು ಎಣಿಸಿ ಭಾಗಿಸಿ. 48 ಮತ್ತು 18 ಆಗಿದ್ದರೆ ಉತ್ತರ ಸರಿಯಾಗಿ ಎಂಟು.

ಬೈಕಿನ ವೇಗ ನಿಜಕ್ಕೂ ಕಡಿಮೆಯಾಗಿದ್ದರೆ ಅದಕ್ಕೆ ಮದ್ದು ಬೇರೆ. ಟೈರಿಗೆ ಸರಿಯಾದ ಗಾಳಿ, ಚೈನಿಗೆ ಎಣ್ಣೆ, ಫಿಲ್ಟರಿನ ಧೂಳು ಕೊಡಹುವುದು, ಚಕ್ರಕ್ಕೆ ಅಂಟಿಕೊಂಡ ಬ್ರೇಕನ್ನು ಸಡಿಲಿಸುವುದು. ಇಷ್ಟಾದರೆ ಕಳೆದುಹೋದ ಶಕ್ತಿ ಬಹಳಮಟ್ಟಿಗೆ ಹಿಂದಿರುಗುತ್ತದೆ. ಉಸ್ತಾದರ ಬಳಿ ಇದಕ್ಕೆಲ್ಲ ಅರ್ಧ ಗಂಟೆ ಸಾಕು. ಆಗ ಹುಡುಗ ಅಪ್ಪನನ್ನು ಧೈರ್ಯವಾಗಿ ಕೇಳಬಹುದು. ಅಪ್ಪ ಇಲ್ಲವೆನ್ನುವುದೂ ಇಲ್ಲ.