ರೋಡ್‌ಕಿಂಗೋ, ಹಂಟರೋ?

ಇಂಡಿ ತಾಲೂಕಿನಲ್ಲಿ ನಿಂಬೆಹಣ್ಣಿನ ರೊಕ್ಕ ಕೈಗೆ ಬಂದರೆ ಸಾಕು, ಹರೆಯದ ಹುಡುಗರ ಕಣ್ಣು ಗಾಡಿಯ ಕಡೆ ಹೊರಳುತ್ತದೆ. ಇಲ್ಲಿನ ಜಗಳ ಹಳೇ ಯೆಜ್ಡಿ ರೋಡ್‌ಕಿಂಗ್ ಮತ್ತು 2022ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಹಂಟರ್ 350 ಬೈಕುಗಳ ನಡುವಿನದು. ರೋಡ್‌ಕಿಂಗ್ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಕೂಸು. 1996ರಲ್ಲಿ ಆ ಕಾರ್ಖಾನೆಯ ಬಾಗಿಲು ಮುಚ್ಚಿತು. ರೋಡ್‌ಕಿಂಗಿನ ಒಂದು ಮೋಜು ಹೇಳಲೇಬೇಕು: ಕಿಕ್ ಹೊಡೆದ ಅದೇ ಸಲಾಕೆಯನ್ನು ಮುಂದಕ್ಕೆ ಮಡಚಿದರೆ ಗೇರ್ ಹಾಕುವ ಸಲಾಕೆಯಾಗುತ್ತದೆ. ಎರಡು ಸೈಲೆನ್ಸರಿನ ಆ ಸಪ್ಪಳಕ್ಕೆ ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ ಈಗಲೂ ಹಿರಿಯರು ಹೊರಳಿ ನೋಡುತ್ತಾರೆ. ಆದರೆ ಪೆಟ್ರೋಲ್ ಹಾಕಿಸುವಾಗೆಲ್ಲ ಆಯಿಲ್ ಬೆರೆಸಬೇಕು, ಬ್ರೇಕಿನ ಮೇಲೆ ಪೂರಾ ಭರವಸೆ ಇಡುವಂತಿಲ್ಲ, ಪಾರ್ಟ್ಸ್ ಹುಡುಕಲು ಊರೂರು ಅಲೆಯಬೇಕು. ಹಂಟರಿಗೆ 349 ಸಿಸಿ ಎಂಜಿನ್, ಮುಂದೆ ಡಿಸ್ಕ್ ಬ್ರೇಕ್, ಎಬಿಎಸ್. ಮುದ್ದೇಬಿಹಾಳದಿಂದ ಬಸವನ ಬಾಗೇವಾಡಿಗೆ ದಿನಾ ಓಡಾಡುವವನಿಗೆ, ಕಬ್ಬಿನ ಟ್ರ್ಯಾಕ್ಟರ್ ದಿಢೀರನೆ ಅಡ್ಡ ಬಂದಾಗ, ಸಪ್ಪಳಕ್ಕಿಂತ ಬ್ರೇಕ್ ದೊಡ್ಡದು. "ಅಲ್ರೀ ಕಾಕಾ, ಹಂಟರ್ ಊರತುಂಬಾ ಅದಾವ, ಯೆಜ್ಡಿ ಎಷ್ಟದಾವ ಹೇಳ್ರಿ" ಎಂದು ಯೆಜ್ಡಿಯ ಪರ ನಿಲ್ಲುವ ಹುಡುಗರ ವಾದ ಖರೆ. ಆದರೆ ಅದನ್ನು ಕೊಳ್ಳಲು ಒಪ್ಪುತ್ತೇನೆ, ಮನೆಯಲ್ಲಿ ಇನ್ನೊಂದು ಗಾಡಿಯಿದ್ದು, ಹಳೇ ಎಂಜಿನ್ ಬಿಚ್ಚಬಲ್ಲ ಮಿಸ್ತ್ರಿ ಹತ್ತಿರವಿದ್ದರೆ ಮಾತ್ರ. ಒಂದೇ ಗಾಡಿ ಕೊಳ್ಳುವವರು ಹಂಟರನ್ನೇ ಕೊಳ್ಳಿರಿ. ರೋಡ್‌ಕಿಂಗೇ ಬೇಕೆಂದು ಹಟ ಹಿಡಿದವರು ರೊಕ್ಕ ಎಣಿಸುವ ಮೊದಲು ಆರ್‌ಸಿ ನವೀಕರಣವಾಗಿದೆಯೇ, ಎಂಜಿನ್ ಮತ್ತು ಚಾಸಿ ನಂಬರ್ ಅದಕ್ಕೆ ತಾಳೆಯಾಗುತ್ತವೆಯೇ ನೋಡಿಕೊಳ್ಳಿರಿ.