ಅಂಗಳದ ಕೊಳದ ಕೊಳೆ ಹೋಗುವುದೆಲ್ಲಿಗೆ?

ಮಲೆನಾಡಿನ ಪೇಟೆಗಳ ಮನೆಯಂಗಳಗಳಲ್ಲಿ, ಈಗೀಗ ಹಳ್ಳಿಯ ಹಿತ್ತಲುಗಳಲ್ಲಿಯೂ, ನೆಲವನ್ನು ಅಗೆಯದೆ ನೆಲದ ಮೇಲೆಯೇ ನಿಲ್ಲಿಸಿದ ಪುಟ್ಟ ಕೊಳಗಳು ಕಾಣಿಸತೊಡಗಿವೆ. ಬಾವಿಗೆ ಇಳಿಸುವ ಸಿಮೆಂಟಿನ ಉಂಗುರ, ಇಟ್ಟಿಗೆಯ ಕಟ್ಟೆ, ಕಬ್ಬಿಣದ ಚೌಕಟ್ಟಿಗೆ ಬಿಗಿದ ದಪ್ಪ ಟಾರ್ಪಾಲಿನ್ ಹೀಗೆ ಅವುಗಳ ರೂಪ ನಾನಾ ಬಗೆಯದು. ಒಳಗೆ ಒಂದೆರಡು ನೈದಿಲೆ, ಹತ್ತಾರು ಮೀನು. ಇಳಿಜಾರನ್ನು ಯಂತ್ರದಿಂದ ಬಗೆದು ಗುಡ್ಡವನ್ನು ಸಡಿಲಗೊಳಿಸುವ ಹವ್ಯಾಸಗಳಿಗಿಂತ ಇದು ಎಷ್ಟೋ ಮೇಲು. ತೊಡಕು ಹುಟ್ಟುವುದು ಎರಡನೆಯ ತಿಂಗಳಿನಲ್ಲಿ, ನೀರು ಹಸಿರುಗಟ್ಟಿದಾಗ. ಆಗ ಮನೆಯವರು ಅಂಗಡಿಗೆ ಧಾವಿಸಿ, ಡಬ್ಬಿಯ ಮೇಲೆ ದೊಡ್ಡ ಅಂಕಿ ಅಚ್ಚಾಗಿರುವ ಫಿಲ್ಟರೊಂದನ್ನು ಕೊಂಡುತರುತ್ತಾರೆ. ನೀರು ತಿಳಿಯಾಗುತ್ತದೆ, ಸಮಸ್ಯೆ ಮುಗಿಯಿತೆಂಬ ಭಾವನೆಯೂ ಮೂಡುತ್ತದೆ.

ಯಾವ ಫಿಲ್ಟರೂ ಕೊಳೆಯನ್ನು ಇಲ್ಲವಾಗಿಸುವುದಿಲ್ಲ. ಅದರ ರೂಪವನ್ನು ಬದಲಿಸುತ್ತದೆ, ಇಲ್ಲವೇ ಇನ್ನೊಂದೆಡೆಗೆ ಸಾಗಿಸುತ್ತದೆ. ಆ ಇನ್ನೊಂದೆಡೆ ಯಾವುದು ಎಂಬ ಪ್ರಶ್ನೆಯಿಂದಲೇ ಯೋಜನೆ ಆರಂಭವಾಗಬೇಕು. ಅಂಗಳದ ಚರಂಡಿಯೇ ಹಳ್ಳದ ತಲೆಯಾಗಿರುವ ಈ ಸೀಮೆಯಲ್ಲಂತೂ ಅದು ಮೊದಲ ಪ್ರಶ್ನೆ.

ಲೆಕ್ಕಕ್ಕಾಗಿ, ಎರಡೂವರೆ ಮೀಟರ್ ವ್ಯಾಸದ, 60 ಸೆಂಟಿಮೀಟರ್ ನೀರು ನಿಲ್ಲುವ ದುಂಡನೆಯ ತೊಟ್ಟಿಯೊಂದನ್ನು ತೆಗೆದುಕೊಳ್ಳಬಹುದು. ಅದರಲ್ಲಿ ಸುಮಾರು 3000 ಲೀಟರ್ ನೀರು, ಅಂದರೆ ಮೂರು ಟನ್ ಭಾರ. ಹೊಸದಾಗಿ ಮಣ್ಣು ತುಂಬಿದ ಅಂಗಳದ ಅಂಚಿನಲ್ಲಿ ಇದನ್ನು ಇರಿಸತಕ್ಕದ್ದಲ್ಲ. ಮೀನುಗಳಿಗೆ ದಿನಕ್ಕೆ 10 ಗ್ರಾಂ ಆಹಾರ ಹಾಕಿದರೆ ಅದರ ನೂರಕ್ಕೆ ಮೂರರಷ್ಟು, ಎಂದರೆ ಸುಮಾರು 0.3 ಗ್ರಾಂ, ಅಮೋನಿಯಾ ರೂಪದ ಸಾರಜನಕವಾಗಿ ನೀರಿಗೆ ಸೇರುತ್ತದೆ. ಮೀನಿಗೆ ಇದು ವಿಷ. ನೀರು ಬೆಚ್ಚಗಾದಷ್ಟೂ, ಕ್ಷಾರಗುಣ ಏರಿದಷ್ಟೂ ವಿಷದ ತೀಕ್ಷ್ಣತೆ ಹೆಚ್ಚು. ನೆಲದ ಮೇಲಿನ ತೊಟ್ಟಿಯ ಗೋಡೆಗಳಿಗೆ ಬಿಸಿಲು ನೇರವಾಗಿ ತಾಗುತ್ತದೆ. ಹೊಸ ಸಿಮೆಂಟು ಸುಣ್ಣವನ್ನು ಬಿಡುತ್ತದೆ. ಹಲವು ಬಾರಿ ನೀರು ತುಂಬಿ ಚೆಲ್ಲದ ಹೊಸ ತೊಟ್ಟಿಯಲ್ಲಿ ಮೀನು ಸಾಯುವುದು ಈ ಕಾರಣಗಳಿಂದಲೇ, ದೃಷ್ಟಿ ತಾಗಿಯಲ್ಲ.

ಅಮೋನಿಯಾವನ್ನು ನೈಟ್ರೈಟಾಗಿ, ಮುಂದೆ ನೈಟ್ರೇಟಾಗಿ ಮಾರ್ಪಡಿಸುವ ಕೆಲಸ ಬ್ಯಾಕ್ಟೀರಿಯಾಗಳದು. ಫಿಲ್ಟರ್ ಎಂದರೆ ಅವುಗಳಿಗೆ ಕಟ್ಟಿಕೊಟ್ಟ ಮನೆ. ಇದಕ್ಕೆ ದುಬಾರಿ ಸಲಕರಣೆ ಬೇಕಿಲ್ಲ. 200 ಲೀಟರಿನ ಎರಡು ಪ್ಲಾಸ್ಟಿಕ್ ಪೀಪಾಯಿಗಳಲ್ಲಿ ಕೆಲಸ ಸಾಗುತ್ತದೆ. ಮೊದಲನೆಯದರಲ್ಲಿ ನೀರು ಬದಿಯಿಂದ ಪ್ರವೇಶಿಸಿ ಮೆಲ್ಲನೆ ಸುತ್ತಬೇಕು. ಹಿಕ್ಕೆ, ತಿನ್ನದ ಆಹಾರ, ಕೊಳೆತ ಎಲೆ ತಳಕ್ಕೆ ಇಳಿಯುತ್ತವೆ. ತಳದಲ್ಲೊಂದು ದಪ್ಪ ನಲ್ಲಿ ಇರಲೇಬೇಕು. ಎರಡನೆಯದರಲ್ಲಿ ನೀರು ಕೆಳಗಿನಿಂದ ಮೇಲಕ್ಕೆ, ಹರಿದ ಮೀನುಬಲೆಯ ತುಂಡುಗಳ ಅಥವಾ ಬಾಟಲಿ ಮುಚ್ಚಳಗಳ ರಾಶಿಯ ಮೂಲಕ ಏರಿಬರಲಿ. ಜಲ್ಲಿಯೂ ಆದೀತು, ಆದರೆ ಬೇಗ ಕಟ್ಟಿಕೊಳ್ಳುತ್ತದೆ, ತೊಳೆಯುವಾಗ ಬೆನ್ನು ಮುರಿಯುತ್ತದೆ. ತೊಳೆಯಬೇಕಾದದ್ದು ಕೊಳದ ನೀರಿನಲ್ಲಿಯೇ. ಕ್ಲೋರಿನ್ ಬೆರೆತ ನಲ್ಲಿನೀರು ಒಳಗಿನ ನಿವಾಸಿಗಳನ್ನು ಕೊಲ್ಲುತ್ತದೆ. ಈ ನಿವಾಸಿಗಳು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಮೀನು ಬೆರಳೆಣಿಕೆಯಷ್ಟೇ ಇರತಕ್ಕದ್ದು. ಅಂಗಡಿಯವರು ಹೇಳದ ಮಾತು ಇದೊಂದೇ ಅಲ್ಲ. ಪಂಪಿನ ಡಬ್ಬಿಯ ಮೇಲಿನ ಅಂಕಿ ನೀರನ್ನು ಮೇಲಕ್ಕೆತ್ತದೆ ಅಳೆದದ್ದು; ನೆಲದ ಮೇಲಿನ ಕೊಳದಲ್ಲಿ ನೀರು ಪೀಪಾಯಿಯ ಬಾಯಿಗೆ ಏರಬೇಕಾದಾಗ ಹರಿವು ಎಷ್ಟೋ ಕುಗ್ಗುತ್ತದೆ. ಎರಡು ಗಂಟೆಗೊಮ್ಮೆ ಇಡೀ ನೀರು ಸುತ್ತಿ ಬರಬೇಕೆಂದರೆ ಆ ಎತ್ತರದಲ್ಲಿ ಗಂಟೆಗೆ 1500 ಲೀಟರ್ ಸಿಗುತ್ತದೆಯೇ ಎಂದು ಬಕೆಟ್ ಹಿಡಿದು ಅಳೆದೇ ನೋಡಬೇಕು. 40 ವ್ಯಾಟಿನ ಪಂಪು ಹಗಲಿರುಳು ಓಡಿದರೆ ತಿಂಗಳಿಗೆ 29 ಯೂನಿಟ್ ಕರೆಂಟು. ಮಳೆಗಾಲದಲ್ಲಿ ಕರೆಂಟು ದಿನಗಟ್ಟಲೆ ಹೋಗುವ ಊರುಗಳಲ್ಲಿ, ನಿಂತ ಪೀಪಾಯಿಯೊಳಗೆ ಪ್ರಾಣವಾಯು ಮುಗಿದು ನೀರು ನಾರುತ್ತದೆ. ಮತ್ತೆ ಚಾಲೂ ಮಾಡುವ ಮುನ್ನ ಆ ನೀರನ್ನು ಹೊರಚೆಲ್ಲುವುದು ಕ್ಷೇಮ. ಮೀನು ಕಡಿಮೆ, ಗಿಡ ಹೆಚ್ಚು ಇರುವ ಕೊಳ ಮಾತ್ರ ಇಂಥ ದಿನಗಳನ್ನು ದಾಟುತ್ತದೆ.

ಪುಸ್ತಕಗಳನ್ನು ನೋಡಿ ಕಟ್ಟುವವರು ತಪ್ಪುವುದು ಇನ್ನೊಂದು ಕಡೆ. ಬ್ಯಾಕ್ಟೀರಿಯಾಗಳು ಒಂದು ಗ್ರಾಂ ಅಮೋನಿಯಾ ಸಾರಜನಕವನ್ನು ಮಾರ್ಪಡಿಸುವಾಗ ನೀರಿನ ಸುಮಾರು 7 ಗ್ರಾಂ ಕ್ಷಾರೀಯತೆಯನ್ನು ಬಳಸಿಬಿಡುತ್ತವೆ. ಗಡಸು ನೀರಿನ ಬಯಲುಸೀಮೆಯಲ್ಲಿ ಇದು ಲೆಕ್ಕಕ್ಕಿಲ್ಲ. ಜಂಬಿಟ್ಟಿಗೆ ನೆಲದ ಬಾವಿನೀರು ಸಾಮಾನ್ಯವಾಗಿ ಮೃದು, ಮಳೆನೀರು ಇನ್ನೂ ಮೃದು. ಲೀಟರಿಗೆ 20 ಮಿಲಿಗ್ರಾಂ ಕ್ಷಾರೀಯತೆ ಇದೆಯೆಂದಿಟ್ಟುಕೊಂಡರೆ ಇಡೀ ತೊಟ್ಟಿಯಲ್ಲಿ ಇರುವುದು 60 ಗ್ರಾಂ. ದಿನಕ್ಕೆ 10 ಗ್ರಾಂ ಆಹಾರ ಹಾಕುವ ಮನೆಯಲ್ಲಿ ಅದು ಒಂದು ತಿಂಗಳಿಗೆ ಸಾಲದು. ಆಮೇಲೆ ನೀರು ಹುಳಿಯಾಗಿ ಫಿಲ್ಟರ್ ಸದ್ದಿಲ್ಲದೆ ಸೋಲುತ್ತದೆ. ನೋಡಲು ನೀರು ಮಾತ್ರ ತಿಳಿಯಾಗಿಯೇ ಇರುತ್ತದೆ. ಪರಿಹಾರ ಸುಲಭ. ಸುಣ್ಣಕಲ್ಲಿನ ಚೂರು ಅಥವಾ ಬಳಚಿನ ಚಿಪ್ಪು ತುಂಬಿದ ಚೀಲವೊಂದನ್ನು ಎರಡನೆಯ ಪೀಪಾಯಿಯಲ್ಲಿ ಇಳಿಬಿಟ್ಟರಾಯಿತು. ಕರಾವಳಿಯ ನೆಂಟರ ಮನೆಯಲ್ಲಿ ಉಂಡುಳಿದ ಚಿಪ್ಪು ಸಾಕು, ಅದಕ್ಕಾಗಿ ಅಳಿವೆಯನ್ನು ಬಗೆಯಬೇಕಾಗಿಲ್ಲ.

ಇಷ್ಟಾದರೂ ನೈಟ್ರೇಟ್ ಉಳಿಯುತ್ತದೆ. ಹಸಿರು ನೀರಿಗೆ ನೇರಳಾತೀತ ದೀಪ ಹಾಕಿದರೆ ಪಾಚಿ ಸಾಯುತ್ತದೆ. ಪಾಚಿಯನ್ನು ಬೆಳೆಸಿದ ಗೊಬ್ಬರ ನೀರಿನಲ್ಲಿಯೇ ಇರುತ್ತದೆ. ಅದನ್ನು ಹೀರುವುದು ಗಿಡಗಳು. ನೀರು ಕೊಳಕ್ಕೆ ಮರಳುವ ದಾರಿಯಲ್ಲಿ ಒಂದಡಿ ಆಳದ ಜಲ್ಲಿಪಾತಿ ಮಾಡಿ ಬಜೆ, ಕೆಸು, ಲಾವಂಚಗಳನ್ನು ನೆಟ್ಟು, ಬೆಳೆದಂತೆ ಕತ್ತರಿಸಿ ತೆಗೆಯುತ್ತಿರಬೇಕು. ಕತ್ತರಿಸದೆ ಬಿಟ್ಟ ಗಿಡ ಕೊಳೆತು, ಹೀರಿದ್ದನ್ನು ಹಿಂದಿರುಗಿಸುತ್ತದೆ. ನೈದಿಲೆಯ ಎಲೆ ಅರ್ಧದಷ್ಟು ನೀರನ್ನು ಮುಚ್ಚಿದರೆ ಬಿಸಿಲೂ ಪಾಚಿಯೂ ತಗ್ಗುತ್ತವೆ. ಬೇಗ ಹಬ್ಬುತ್ತದೆಂದು ಅಂತರಗಂಗೆಯನ್ನು ತರುವವರಿದ್ದಾರೆ. ದಕ್ಷಿಣ ಅಮೆರಿಕದಿಂದ ಬಂದ ಆ ಕಳೆ ಕೆರೆಗಳಿಗೆ ಮಾಡಿದ್ದನ್ನು ಕಣ್ಣಾರೆ ಕಂಡ ಮೇಲೂ ಅದನ್ನು ಮನೆಗೆ ಕರೆತರುವುದು ವಿಚಿತ್ರ. ಗಾಜಿಗೆ ಅಂಟಿಕೊಂಡು ಪಾಚಿ ತಿನ್ನುತ್ತದೆಂದು ಮಾರುವ ಸಕ್ಕರ್ ಮೀನಿನದೂ ಅದೇ ಕಥೆ. ಅಕ್ವೇರಿಯಮ್ಮಿಗೆ ಬಂದ ಅದು ಕೇರಳದ ನದಿಗಳಲ್ಲಿ ಈಗಾಗಲೇ ಬೀಡುಬಿಟ್ಟಿದೆ. ಸೊಳ್ಳೆಮರಿ ತಿನ್ನಲಿಕ್ಕೆಂದು 1928ರಲ್ಲಿ ಭಾರತಕ್ಕೆ ತಂದ ಗ್ಯಾಂಬೂಸಿಯಾ ಇತರ ಮೀನುಗಳ ಮೊಟ್ಟೆಮರಿಗಳನ್ನೂ ಬಿಡುವುದಿಲ್ಲ. ಆ ಕೆಲಸಕ್ಕೆ ತೋಟದ ಕಾಲುವೆಗಳಲ್ಲಿಯೇ, ನೆತ್ತಿಯ ಮೇಲೆ ಬೆಳ್ಳಿಚುಕ್ಕೆಯಿರುವ ಪುಟ್ಟ ಆಪ್ಲೋಕೈಲಸ್ ಮೀನು ಇದೆ.

ನೆಲದ ಮೇಲಿನ ಕೊಳಕ್ಕಿರುವ ದೊಡ್ಡ ಅನುಕೂಲವನ್ನು ಬಹುತೇಕರು ಬಳಸುವುದೇ ಇಲ್ಲ. ತಳ ನೆಲಕ್ಕಿಂತ ಕೆಳಗಿಲ್ಲವಾದ್ದರಿಂದ ಕೊಳೆನೀರು ಪಂಪಿನ ಹಂಗಿಲ್ಲದೆ ಹೊರಬರುತ್ತದೆ. ವಾರಕ್ಕೊಮ್ಮೆ ಮೊದಲ ಪೀಪಾಯಿಯ ನಲ್ಲಿ ತಿರುಗಿಸಿದರೆ ಬರುವ ಕಪ್ಪುನೀರು ಬಾಳೆಬುಡಕ್ಕೆ, ಅಡಿಕೆ ಸಸಿಗೆ ಉತ್ತಮ ಗೊಬ್ಬರ. ಅದೇ ನೀರನ್ನು ಚರಂಡಿಗೆ ಬಿಟ್ಟರೆ ಹಳ್ಳದ ಬೇಸಿಗೆಯ ಮಡುಗಳಲ್ಲಿ ಪಾಚಿ ಕಟ್ಟುತ್ತದೆ. ಒಂದು ಮನೆಯದು ಅಲ್ಪವೇ. ಬೇಸಿಗೆಯಲ್ಲಿ ಹಳ್ಳದ ನೀರೂ ಅಲ್ಪವೇ.

ಇನ್ನು ಮಳೆಗಾಲ. ಒಂದು ದಿನ 10 ಸೆಂಟಿಮೀಟರ್ ಮಳೆಯಾದರೆ ಈ ತೊಟ್ಟಿಗೆ ಬೀಳುವುದು 490 ಲೀಟರ್. ಆಷಾಢದಲ್ಲಿ ಅಂಥ ದಿನಗಳು ಸಾಲುಸಾಲಾಗಿ ಬರುತ್ತವೆ. ತುಂಬಿದ ತೊಟ್ಟಿ ಅಂಚು ಮೀರಿ ಸುರಿಯುವಾಗ ಮರಿಮೀನುಗಳೂ ಕಳೆಯ ತುಣುಕುಗಳೂ ಚರಂಡಿ ಹಿಡಿದು ಹಳ್ಳ ಸೇರುತ್ತವೆ. ಬೇಕೆಂದೇ ಯಾರೂ ಬಿಟ್ಟಿರುವುದಿಲ್ಲ. ಆದ್ದರಿಂದ ಅಂಚಿಗಿಂತ ಒಂದು ಗೇಣು ಕೆಳಗೆ ನಾಲ್ಕಿಂಚಿನ ಕೊಳವೆಯನ್ನು ಕೂರಿಸಿ, ಅದರ ಬಾಯಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿ, ಇನ್ನೊಂದು ತುದಿಯನ್ನು ಚರಂಡಿಯಿಂದ ದೂರದ ಇಂಗುಗುಂಡಿಗೆ ಒಯ್ಯಬೇಕು. ಬಲೆಗೆ ಎಲೆ ಕಟ್ಟಿಕೊಂಡಿದೆಯೇ ಎಂದು ಜಡಿಮಳೆಯಲ್ಲಿ, ಕೊಪ್ಪೆ ಹೊದ್ದುಕೊಂಡಾದರೂ ಸರಿ, ದಿನಕ್ಕೊಮ್ಮೆ ಹೋಗಿ ನೋಡತಕ್ಕದ್ದು.